ಒಂದೇ ರೈಲು, ಮೂರು ಬೆಲೆ: ದರ ಏರುವ ಮುನ್ನ ಕೊಡಗಿನವರು ಟಿಕೆಟ್ ಎಲ್ಲಿ ಕೊಳ್ಳಬೇಕು?

ರೈಲ್ವೆಯು 2025ರ ಡಿಸೆಂಬರ್ 21ರಂದು ಪ್ರಯಾಣ ದರದ ಏರಿಕೆಯನ್ನು ಪ್ರಕಟಿಸಿ, ಅದು 26ರಿಂದ ಜಾರಿಗೆ ಬರುತ್ತದೆಂದು ಹೇಳಿದಾಗ ನಮ್ಮ ಕಡೆ ಕಾಫಿ ಕುಯ್ಲಿನ ಕಾಲ. ನೆರೆಮನೆಯ ನಿವೃತ್ತ ಸುಬೇದಾರರು ಸಂಜೆ ಕಣದಲ್ಲಿ ಹಣ್ಣು ಹರವಿಸಿ ಮುಗಿಸಿದವರೇ ಮೊಬೈಲು ಹಿಡಿದು ನಮ್ಮ ಜಗಲಿಗೆ ಬಂದರು. ಜನವರಿ ಕೊನೆಯಲ್ಲಿ ಚೆನ್ನೈಯಲ್ಲಿ ನೆಂಟರ ಮದುವೆ. ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ನಾಲ್ಕು ಜನಕ್ಕೆ ಸ್ಲೀಪರ್ ಟಿಕೆಟ್ ಬೇಕು. ದರ ಏರುವ ಮೊದಲೇ ಕೊಂಡುಬಿಡೋಣವೆಂದು ಅವರು ಮೂರು ಕಡೆ ವಿಚಾರಿಸಿದ್ದರು, ಮೂರೂ ಕಡೆ ಬೇರೆ ಬೇರೆ ಮೊತ್ತ ಸಿಕ್ಕಿತ್ತು. "ಒಂದೇ ಗಾಡಿ, ಒಂದೇ ದಿನ, ಒಂದೇ ಬೋಗಿ. ಮೂರು ಕಡೆ ಮೂರು ರೇಟು ಹೇಗೆ ಮಾರಾಯ್ರೆ?" ಎಂದು ಕೇಳಿದರು. ಅಂದು ಅವರೊಂದಿಗೆ ಕೂತು ಮೂರು ಮೊತ್ತಗಳನ್ನೂ ಬಿಡಿಸಿ ನೋಡಿದ ಲೆಕ್ಕವೇ ಈ ಬರಹಕ್ಕೆ ಆಧಾರ. 2025ರಲ್ಲಿ ಜುಲೈ 1ಕ್ಕೊಮ್ಮೆ, ಡಿಸೆಂಬರ್ 26ಕ್ಕೊಮ್ಮೆ ದರ ಏರಿದ್ದನ್ನು ನೋಡಿದರೆ, ಇಂಥ ಸಂಜೆ ಇನ್ನೊಮ್ಮೆ ಬಾರದೆ ಇರುವುದಿಲ್ಲ.

ಮೊದಲು ತಿಳಿಯಬೇಕಾದದ್ದು, ರೈಲ್ವೆಯ ಮೂಲ ದರವನ್ನು ಯಾವ ಮಾರಾಟಗಾರನೂ ನಿಗದಿ ಮಾಡುವುದಿಲ್ಲ ಎಂಬುದು. ಕೌಂಟರಿನ ಗುಮಾಸ್ತರು ಕೊಡುವ ಟಿಕೆಟ್ಟಾಗಲಿ, ರೈಲ್ವೆಯ ಟಿಕೆಟ್ ಮಾರುವ ಸರ್ಕಾರಿ ಕಂಪನಿಯಾದ ಐಆರ್‌ಸಿಟಿಸಿಯ ಜಾಲತಾಣದ್ದಾಗಲಿ, ಖಾಸಗಿ ಆ್ಯಪಿನದ್ದಾಗಲಿ ಕೊನೆಗೆ ಹುಟ್ಟುವುದು ರೈಲ್ವೆಯ ಒಂದೇ ಮೀಸಲಾತಿ ವ್ಯವಸ್ಥೆಯಲ್ಲಿ; ಆದ್ದರಿಂದ ದೂರಕ್ಕೆ ತಕ್ಕ ಮೂಲ ದರ, ಸ್ಲೀಪರಿಗೆ 20 ರೂಪಾಯಿ ಮತ್ತು ತ್ರೀ ಟಯರ್ ಎಸಿಗೆ 40 ರೂಪಾಯಿಯ ಮೀಸಲಾತಿ ಶುಲ್ಕ, ಸೂಪರ್‌ಫಾಸ್ಟ್ ರೈಲಾದರೆ ಅದರ ಹೆಚ್ಚುವರಿ, ಎಸಿ ದರ್ಜೆಯಾದರೆ ಶೇಕಡಾ 5ರ ಜಿಎಸ್‌ಟಿ, ಇವಿಷ್ಟು ಎಲ್ಲಿ ಕೊಂಡರೂ ಒಂದೇ. ಇದರ ಮೊತ್ತವನ್ನು ಮೇಲಕ್ಕೆ ಐದರ ಗುಣಕಕ್ಕೆ ತರುವ ಪದ್ಧತಿಯೂ ಒಂದೇ. ವ್ಯತ್ಯಾಸ ಬರುವುದು ಈ ಮೊತ್ತದ ಕೆಳಗೆ ಸೇರಿಕೊಳ್ಳುವ ಸಾಲುಗಳಲ್ಲಿ. ಹಾಗಾಗಿ ಎರಡು ಕಡೆಯ ಬೆಲೆಗಳನ್ನು ಹೋಲಿಸುವವರು ಪಟ್ಟಿಯಲ್ಲಿ ರೈಲಿನ ಹೆಸರಿನ ಪಕ್ಕ ಕಾಣುವ ಅಂಕಿಯನ್ನು ಬಿಟ್ಟು, ಹಣ ಕಟ್ಟುವ ಗುಂಡಿಯ ಮೇಲೆ ಬರೆದಿರುವ ಕೊನೆಯ ಅಂಕಿಯನ್ನು ಹೋಲಿಸಬೇಕು.

ಏರಿಕೆ ನಿಜಕ್ಕೂ ಎಷ್ಟು?

ಆತುರಪಡುವ ಮುನ್ನ ಏರಿಕೆಯ ಗಾತ್ರವನ್ನು ಅಳೆಯುವುದು ಒಳ್ಳೆಯದು. ಡಿಸೆಂಬರಿನ ಏರಿಕೆಯಲ್ಲಿ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ನಾನ್ ಎಸಿ ದರ್ಜೆಗಳಿಗೂ ಎಸಿ ದರ್ಜೆಗಳಿಗೂ ಕಿಲೋಮೀಟರಿಗೆ 2 ಪೈಸೆ ಹೆಚ್ಚಾಯಿತು. ಸಾಮಾನ್ಯ ರೈಲುಗಳ ಎರಡನೇ ದರ್ಜೆಯಲ್ಲಿ 215 ಕಿಲೋಮೀಟರಿನವರೆಗೆ ಏನೂ ಏರಲಿಲ್ಲ, ಅದನ್ನು ದಾಟಿದ ಪ್ರಯಾಣಕ್ಕೆ ಕಿಲೋಮೀಟರಿಗೆ 1 ಪೈಸೆ ಸೇರಿತು. ಮೈಸೂರಿನಿಂದ ಚೆನ್ನೈಗೆ ಸುಮಾರು 500 ಕಿಲೋಮೀಟರು, ಅಂದರೆ ತಲೆಗೆ 10 ರೂಪಾಯಿ. ಸುಬೇದಾರರ ನಾಲ್ಕು ಜನಕ್ಕೆ 40 ರೂಪಾಯಿ. ಬೆಂಗಳೂರಿನಿಂದ ದೆಹಲಿಗೆ ಸುಮಾರು 2,400 ಕಿಲೋಮೀಟರೆಂದು ಹಿಡಿದರೆ ತಲೆಗೆ 48 ರೂಪಾಯಿ, ಎಸಿಯಾದರೆ ಅದರ ಮೇಲಿನ ತೆರಿಗೆ ಸೇರಿ ಐವತ್ತರ ಆಸುಪಾಸು. ಇದಕ್ಕೆ ಹೋಲಿಸಿದರೆ 2025ರ ಜನವರಿ 5ರಿಂದ ರಾಜ್ಯದ ಸರ್ಕಾರಿ ಬಸ್ಸುಗಳ ದರ ಶೇಕಡಾ 15ರಷ್ಟು ಏರಿದ್ದೇ, ರೈಲು ಹತ್ತಬೇಕಾದರೂ ಮೊದಲು ಬಸ್ಸು ಹತ್ತಲೇಬೇಕಾದ ನಮ್ಮ ಜಿಲ್ಲೆಯವರಿಗೆ ಹೆಚ್ಚು ತಟ್ಟಿದ ಏರಿಕೆ.

ಇನ್ನೊಂದು ಮಾತು. ಏರಿಕೆ ಅನ್ವಯವಾಗುವುದು ಟಿಕೆಟ್ ಕೊಂಡ ದಿನಾಂಕಕ್ಕೆ. ಪ್ರಯಾಣ 26ರ ನಂತರ ಇದ್ದರೂ ಅದಕ್ಕೆ ಮುನ್ನ ಕೊಂಡ ಟಿಕೆಟ್ಟಿಗೆ ಹೆಚ್ಚುವರಿ ಕೊಡಬೇಕಾಗಿರಲಿಲ್ಲ. ಜುಲೈಯಲ್ಲಿಯೂ ಹಾಗೆಯೇ ಇತ್ತು. ಆದರೆ ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಕ್ಕೆ ಇಳಿದಿರುವುದರಿಂದ, ಬೇಸಿಗೆ ರಜೆಯ ಟಿಕೆಟ್ಟನ್ನು ಡಿಸೆಂಬರಿನ ಹಳೆಯ ದರದಲ್ಲಿ ಹಿಡಿದಿಡುವುದು ಯಾರಿಗೂ ಸಾಧ್ಯವಿರಲಿಲ್ಲ, ಯಾವ ಆ್ಯಪಿನ ಜಾಹೀರಾತು ಏನೇ ಹೇಳಿದ್ದರೂ.

ಕೌಂಟರ್

ಎಲ್ಲಕ್ಕಿಂತ ಕಡಿಮೆ ಬೆಲೆ ರೈಲ್ವೆಯ ಮೀಸಲಾತಿ ಕೌಂಟರಿನದು. ಅಲ್ಲಿ ಮೇಲೆ ಹೇಳಿದ ಮೂಲ ಮೊತ್ತದ ಹೊರತು ಬೇರೆ ಸಾಲು ಇರುವುದಿಲ್ಲ. ಫಾರಂ ತುಂಬಬೇಕು, ಸಾಲಿನಲ್ಲಿ ನಿಲ್ಲಬೇಕು, ಅಷ್ಟೇ. ಕಾಗದದ ಟಿಕೆಟ್ಟಿಗೆ ಇನ್ನೊಂದು ಗುಣವಿದೆ: ಆನ್‌ಲೈನಿನಲ್ಲಿ ಕೊಂಡ ಟಿಕೆಟ್ಟು ಚಾರ್ಟ್ (ಸೀಟು ಸಿಕ್ಕವರ ಕೊನೆಯ ಪಟ್ಟಿ) ಸಿದ್ಧವಾದ ಮೇಲೂ ಪೂರ್ತಿಯಾಗಿ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ತಾನೇ ರದ್ದಾಗಿ ಹಣ ಖಾತೆಗೆ ಮರಳುತ್ತದೆ, ಕೌಂಟರ್ ಟಿಕೆಟ್ಟು ಹಾಗೆ ರದ್ದಾಗುವುದಿಲ್ಲ, ಅದನ್ನು ಹಿಡಿದು ಸಾಮಾನ್ಯ ಬೋಗಿಯಲ್ಲಿ ಹೋಗಬಹುದು, ಸ್ಲೀಪರ್ ಅಥವಾ ಎಸಿ ಬೋಗಿಗೆ ಮಾತ್ರ ಹತ್ತುವಂತಿಲ್ಲ. ಬೇಡವಾದರೆ ಸಮಯಕ್ಕೆ ಮುನ್ನ ನೀವೇ ರದ್ದು ಮಾಡಿಸಬೇಕು, ಹಣಕ್ಕಾಗಿ ಮತ್ತೆ ಕೌಂಟರಿಗೇ ಹೋಗಬೇಕು.

ಆದರೆ ಕೊಡಗಿನಲ್ಲಿ ರೈಲು ಹಳಿಯಿಲ್ಲ, ನಿಲ್ದಾಣವೂ ಇಲ್ಲ. ಕುಟ್ಟದಿಂದಲೋ ಶನಿವಾರಸಂತೆಯಿಂದಲೋ ಒಬ್ಬರು ಬರೀ ಟಿಕೆಟ್ ತರುವುದಕ್ಕೆಂದು ಕೌಂಟರ್ ಇರುವ ಊರಿಗೆ ಹೋಗಿ ಬಂದರೆ, ಉಳಿಸಿದ ಶುಲ್ಕಕ್ಕಿಂತ ಬಸ್ಸಿನ ಖರ್ಚು ಹೆಚ್ಚು, ಕುಯ್ಲಿನ ದಿನಗಳಲ್ಲಾದರೆ ಒಂದು ದಿನದ ಕೆಲಸವೂ ಹೋಯಿತು. ಶಕ್ತಿ ಯೋಜನೆಯಿಂದಾಗಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ; ಆದ್ದರಿಂದ ಹೇಗೂ ಪೇಟೆಗೆ ಹೋಗುವ ಅಕ್ಕನೋ ಅತ್ತೆಯೋ ಇದ್ದರೆ, ಹೆಸರು, ವಯಸ್ಸು, ರೈಲಿನ ಸಂಖ್ಯೆಯನ್ನು ಸ್ಪಷ್ಟವಾಗಿ ಬರೆದುಕೊಟ್ಟು ಅವರ ಕೈಯಲ್ಲಿ ಕೊಡುವುದೇ ಜಿಲ್ಲೆಯಲ್ಲಿ ಸಿಗುವ ಅತಿ ಅಗ್ಗದ ರೈಲು ಟಿಕೆಟ್ಟು. ನಾನಿದನ್ನು ಎರಡು ಸಲ ಮಾಡಿದ್ದೇನೆ, ಎರಡು ಸಲವೂ ನನಗೊಂದು ಪೊಟ್ಟಣ ಮಿಕ್ಸ್ಚರಿನ ಖರ್ಚು ಬಿದ್ದಿದೆ.

ಐಆರ್‌ಸಿಟಿಸಿ ಮತ್ತು ರೈಲ್‌ವನ್

ಮನೆಯಲ್ಲೇ ಕೂತು ಕೊಳ್ಳುವವರಿಗೆ ಮೊದಲ ಆಯ್ಕೆ ಐಆರ್‌ಸಿಟಿಸಿ, ಅಥವಾ 2025ರ ಜುಲೈ 1ರಂದು ಬಿಡುಗಡೆಯಾದ ರೈಲ್ವೆಯದೇ ರೈಲ್‌ವನ್ ಆ್ಯಪು. ಮೀಸಲು ಟಿಕೆಟ್ಟಿಗೆ ಇಲ್ಲಿ ಸೇರುವ ಕನ್ವೀನಿಯನ್ಸ್ ಫೀ ನಾನ್ ಎಸಿಗೆ 15 ರೂಪಾಯಿ, ಎಸಿಗೆ 30 ರೂಪಾಯಿ; ಯುಪಿಐ ಮೂಲಕ ಕಟ್ಟಿದರೆ ಕ್ರಮವಾಗಿ 10 ಮತ್ತು 20. ಇದರ ಮೇಲೆ ಶೇಕಡಾ 18ರ ಜಿಎಸ್‌ಟಿ ಇರುವುದರಿಂದ ಕೈಯಿಂದ ಹೋಗುವುದು ನಾನ್ ಎಸಿಗೆ 17 ರೂಪಾಯಿ 70 ಪೈಸೆ, ಯುಪಿಐಯಾದರೆ 11 ರೂಪಾಯಿ 80 ಪೈಸೆ. ಎಸಿಗೆ 35 ರೂಪಾಯಿ 40 ಪೈಸೆ, ಯುಪಿಐಯಾದರೆ 23 ರೂಪಾಯಿ 60 ಪೈಸೆ. ಈ ಶುಲ್ಕ ಟಿಕೆಟ್ಟಿಗೊಂದು, ತಲೆಗೊಂದಲ್ಲ. ಒಂದು ಟಿಕೆಟ್ಟಿನಲ್ಲಿ ಆರು ಜನರವರೆಗೆ ಹೋಗಬಹುದಾದ್ದರಿಂದ, ಕೂಡಿ ಹೋಗುವ ಎರಡು ಸಂಸಾರಗಳು ಎರಡೆರಡು ಟಿಕೆಟ್ ಮಾಡಿಸುವ ಅಗತ್ಯವಿಲ್ಲ. ಪ್ರಯಾಣ ವಿಮೆಗೆ ತಲೆಗೆ 45 ಪೈಸೆ. ಬೇಡವೆನ್ನಬಹುದು, ಆದರೆ ಇಷ್ಟು ಕಡಿಮೆ ಹಣಕ್ಕೆ ಬೇಡವೆನ್ನಲು ನನಗೆ ಕಾರಣ ಕಾಣುವುದಿಲ್ಲ.

ಕ್ರೆಡಿಟ್ ಕಾರ್ಡಿನಿಂದ ಕಟ್ಟಿದರೆ ಪೇಮೆಂಟ್ ಗೇಟ್‌ವೇ, ಅಂದರೆ ಹಣ ದಾಟಿಸುವ ಮಧ್ಯದ ಸಂಸ್ಥೆಯ ಶುಲ್ಕ ಬೇರೆ ಸೇರಬಹುದು. ಹಣ ಕಟ್ಟುವ ಪುಟದಲ್ಲಿ ಯುಪಿಐಯನ್ನು ಮೊದಲೇ ಆರಿಸಿದರೆ ಮಾತ್ರ ಕಡಿಮೆ ಶುಲ್ಕ ಸಿಗುತ್ತದೆ. ಬೇರೆ ಗೇಟ್‌ವೇಯೊಳಗೆ ಹೋಗಿ ಅಲ್ಲಿ ಯುಪಿಐ ಒತ್ತಿದರೆ ಹದಿನೈದೋ ಮೂವತ್ತೋ ಆಗಲೇ ಸೇರಿರುತ್ತದೆ.

ದರ ಏರುವ ಹಿಂದಿನ ದಿನ ಎಲ್ಲರೂ ಒಮ್ಮೆಗೇ ನುಗ್ಗುವಾಗ ತಾಣ ನಿಧಾನವಾಗುವುದುಂಟು, ನಮ್ಮ ತೋಟಗಳಲ್ಲಿ ಸಿಗ್ನಲ್ಲೂ ಅಷ್ಟಕ್ಕಷ್ಟೇ. ಹಣ ಕಡಿತವಾಗಿ ಟಿಕೆಟ್ ಬಾರದಿದ್ದರೆ ತಕ್ಷಣ ಇನ್ನೊಮ್ಮೆ ಕಟ್ಟಬೇಡಿ. ನಿಮ್ಮ ಖಾತೆಯ ಬುಕಿಂಗ್ ಇತಿಹಾಸದಲ್ಲಿ ಪಿಎನ್‌ಆರ್ (ಟಿಕೆಟ್ಟಿನ ಗುರುತಿನ ಸಂಖ್ಯೆ) ಬಂದಿದೆಯೇ ಎಂದು ಮೊದಲು ನೋಡಿ. ಇಬ್ಬರು ಬೇರೆ ಬೇರೆ ಮೊಬೈಲಿನಿಂದ ಒಂದೇ ಟಿಕೆಟ್ ಕೊಂಡು, ಒಂದನ್ನು ರದ್ದು ಮಾಡಿಸಿ, ಸ್ಲೀಪರಿನ ಕನಿಷ್ಠ ರದ್ದತಿ ಶುಲ್ಕವಾದ 120 ರೂಪಾಯಿಯನ್ನು ತಲೆಗೆ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅವರು ಉಳಿಸಲು ಹೊರಟಿದ್ದು ಹತ್ತು ರೂಪಾಯಿ.

ಖಾಸಗಿ ಆ್ಯಪುಗಳು

ಸುಬೇದಾರರ ಮೂರು ಮೊತ್ತಗಳಲ್ಲಿ ಅತಿ ಹೆಚ್ಚಿನದು ಬಂದದ್ದು ಒಂದು ಖಾಸಗಿ ಆ್ಯಪಿನಿಂದ. ಅದನ್ನು ನಾವು ಸಾಲು ಸಾಲಾಗಿ ಬಿಡಿಸಿದೆವು. ಮೇಲಿನ ಸಾಲಿನಲ್ಲಿ ಟಿಕೆಟ್ ದರ, ಐಆರ್‌ಸಿಟಿಸಿಯಲ್ಲಿದ್ದಷ್ಟೇ, ಒಂದು ರೂಪಾಯಿಯೂ ಹೆಚ್ಚುಕಡಿಮೆಯಿಲ್ಲ. ಅದರ ಕೆಳಗೆ ಐಆರ್‌ಸಿಟಿಸಿಯ ಕನ್ವೀನಿಯನ್ಸ್ ಫೀ. ಅದರ ಕೆಳಗೆ ಏಜೆಂಟ್ ಸೇವಾ ಶುಲ್ಕ. ಅದರ ಕೆಳಗೆ ಪೇಮೆಂಟ್ ಗೇಟ್‌ವೇ ಶುಲ್ಕ. ಇಷ್ಟಾದ ಮೇಲೆ, ಬೆರಳಿನಿಂದ ಪುಟವನ್ನು ಮೇಲಕ್ಕೆ ಸರಿಸಿದರೆ ಮಾತ್ರ ಕಾಣುವ ಜಾಗದಲ್ಲಿ, ಹಸಿರು ಬಣ್ಣದ ಚೌಕದೊಳಗೆ 'ಉಚಿತ ರದ್ದತಿ' ಎಂಬ ಸೌಲಭ್ಯ; ಅದಕ್ಕೆ ತಲೆಲೆಕ್ಕದಲ್ಲಿ ಹಣ, ಮತ್ತು ಗುರುತು ಆಗಲೇ ಹಾಕಿಟ್ಟಿತ್ತು. ಹೆಸರು ಉಚಿತ, ಬೆಲೆ ಪ್ರತ್ಯೇಕ! ಆ ಗುರುತನ್ನು ತೆಗೆದಾಗ ಮೊತ್ತದ ಬಹುಪಾಲು ವ್ಯತ್ಯಾಸ ಅಲ್ಲೇ ಕರಗಿತು. ಆದರೆ ತೆಗೆಯುವ ಮುನ್ನ "ಖಂಡಿತವೇ? ಹಣ ಕಳೆದುಕೊಳ್ಳುವ ಅಪಾಯವಿದೆ" ಎಂಬರ್ಥದ ಪ್ರಶ್ನೆ ಬೇರೆ ಕೇಳಿತು.

ಗ್ರಾಹಕರ ಅರಿವಿಗೆ ಬಾರದಂತೆ ಬುಟ್ಟಿಗೆ ವಸ್ತು ಸೇರಿಸುವುದನ್ನೂ, ಪೂರ್ತಿ ಬೆಲೆಯನ್ನು ಮೊದಲೇ ಹೇಳದೆ ಕೊನೆಯ ಹಂತದಲ್ಲಿ ಹನಿಹನಿಯಾಗಿ ಏರಿಸುವುದನ್ನೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಗಳಲ್ಲಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳ ಪಟ್ಟಿಯಲ್ಲಿ ಸೇರಿಸಿದೆ. ಇಂಥದ್ದು ಕಂಡರೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಖಾಸಗಿ ಆ್ಯಪಿನ ಪಟ್ಟಿಯಲ್ಲಿ ಕಾಣುವ ಅಂಕಿಗಳು ಹಲವು ವೇಳೆ ಕೆಲವು ಗಂಟೆ ಹಳೆಯವು. ರೈಲಿನ ಹೆಸರಿನ ಕೆಳಗೆ ಎಷ್ಟು ಹೊತ್ತಿನ ಹಿಂದಿನ ಮಾಹಿತಿಯೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಒತ್ತಿ ಹೊಸದಾಗಿಸದ ಹೊರತು ಸೀಟಿನ ಸಂಖ್ಯೆಯನ್ನಾಗಲಿ ದರವನ್ನಾಗಲಿ ನಂಬಿ ಹೋಲಿಕೆ ಮಾಡಬಾರದು. ದರ ಬದಲಾಗುವ ದಿನ ಬೆಳಿಗ್ಗೆ ಒಂದು ಕಡೆ ಹಳೆಯ ದರ, ಇನ್ನೊಂದು ಕಡೆ ಹೊಸ ದರ ಕಂಡರೆ, ಹಳೆಯದನ್ನು ತೋರಿಸುತ್ತಿರುವ ಕಡೆ ಅಗ್ಗವೆಂದು ಓಡುವುದರಿಂದ ಲಾಭವಿಲ್ಲ. ಟಿಕೆಟ್ ಹುಟ್ಟುವ ಕ್ಷಣದಲ್ಲಿ ರೈಲ್ವೆಯ ವ್ಯವಸ್ಥೆಯಲ್ಲಿರುವ ದರವೇ ಬೀಳುತ್ತದೆ.

ಇನ್ನೊಂದು ಬಗೆಯ ವ್ಯತ್ಯಾಸ ಸ್ವಲ್ಪ ಸೂಕ್ಷ್ಮವಾದದ್ದು. ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಿಂದ ಮುಂಬೈಗೆ ನೇತ್ರಾವತಿ ಎಕ್ಸ್‌ಪ್ರೆಸ್ ಹಿಡಿಯುವುದುಂಟು. ಕಣ್ಣೂರಿನಿಂದ ಸೀಟಿಲ್ಲದಿದ್ದರೆ ಕೆಲವು ಆ್ಯಪುಗಳು ತಾವಾಗಿಯೇ ಕೋಯಿಕ್ಕೋಡಿನಿಂದ ಟಿಕೆಟ್ ಹುಡುಕಿ, ಹತ್ತುವ ನಿಲ್ದಾಣವನ್ನು ಮಾತ್ರ ಕಣ್ಣೂರೆಂದು ತೋರಿಸುತ್ತವೆ. ಇದು ಉಪಯುಕ್ತ ಉಪಾಯವೇ. ಖಚಿತವಾದ ಸೀಟಿಗೆ ಇನ್ನಷ್ಟು ದೂರದ ದರ ಕೊಡುವುದು ಕೆಲವೊಮ್ಮೆ ಯೋಗ್ಯ. ಆದರೆ ಅದನ್ನು ಕಣ್ಣೂರಿನ ಟಿಕೆಟ್ಟಿನ ಬೆಲೆಯೊಂದಿಗೆ ಹೋಲಿಸಿ "ಇಲ್ಲಿ ದುಬಾರಿ" ಎನ್ನುವುದು ಸರಿಯಲ್ಲ, ಏಕೆಂದರೆ ಅದು ಬೇರೆಯೇ ಟಿಕೆಟ್ಟು. ಹೀಗೆಯೇ ಮೈಸೂರು–ಚೆನ್ನೈ ವಂದೇ ಭಾರತ್‌ನಲ್ಲಿ ಊಟ ಬೇಕೋ ಬೇಡವೋ ಎಂಬುದು ಪ್ರಯಾಣಿಕರ ಇಷ್ಟ. ಒಂದು ಕಡೆ ಊಟ ಸೇರಿಸಿದ ದರವನ್ನೂ ಇನ್ನೊಂದು ಕಡೆ ಊಟವಿಲ್ಲದ ದರವನ್ನೂ ನೋಡಿ ಗೊಂದಲಕ್ಕೆ ಬೀಳುವವರು ಅನೇಕ. ಮನೆಯಿಂದ ಬುತ್ತಿ ಒಯ್ಯುವವರು ಊಟ ಬೇಡವೆಂದು ಆರಿಸಿದರೆ ಉಳಿಯುವ ಹಣ ಡಿಸೆಂಬರಿನ ಏರಿಕೆಗಿಂತ ದೊಡ್ಡದು. ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳ ಬಹುತೇಕ ದರ್ಜೆಗಳಲ್ಲಿ 2016ರ ಸೆಪ್ಟೆಂಬರ್ 9ರಿಂದ ಸೀಟು ತುಂಬಿದಂತೆ ದರ ಏರುವ ಪದ್ಧತಿಯೂ ಇದೆ. ಅಲ್ಲಿ ಬೆಳಿಗ್ಗೆ ಒಂದು ಬೆಲೆ, ಸಂಜೆ ಒಂದು ಬೆಲೆ ಕಂಡರೆ ಅದಕ್ಕೆ ಮಾರಾಟಗಾರ ಹೊಣೆಯಲ್ಲ.

ಖಾಸಗಿ ಆ್ಯಪುಗಳನ್ನು ಪೂರ್ತಿ ದೂರ ಇಡಬೇಕೆಂದು ನಾನು ಹೇಳುವುದಿಲ್ಲ. ವೇಟಿಂಗ್ ಲಿಸ್ಟು ಖಚಿತವಾಗುವ ಸಾಧ್ಯತೆಯ ಅಂದಾಜು, ರೈಲು ಎಲ್ಲಿದೆಯೆಂಬ ಮಾಹಿತಿ, ಬದಲಿ ದಾರಿಗಳ ಹುಡುಕಾಟ, ಇವುಗಳಲ್ಲಿ ಅವು ಚುರುಕು. ಅಲ್ಲಿ ಹುಡುಕಿ, ಐಆರ್‌ಸಿಟಿಸಿಯಲ್ಲಿ ಕೊಳ್ಳುವುದು ನನ್ನ ಪದ್ಧತಿ.

ಪೇಟೆಯ ಏಜೆಂಟರು

ಸ್ಮಾರ್ಟ್‌ಫೋನು ಬಳಸದ ಹಿರಿಯರಿಗೆ ಪೇಟೆಯ ಅಧಿಕೃತ ಏಜೆಂಟರೇ ಅನುಕೂಲ. ಐಆರ್‌ಸಿಟಿಸಿಯ ಅಧಿಕೃತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಟಿಕೆಟ್ಟಿಗೆ ನಾನ್ ಎಸಿಯಾದರೆ 20 ರೂಪಾಯಿ, ಎಸಿಯಾದರೆ 40 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಸುಬೇದಾರರಿಗೆ ಒಬ್ಬರು ಫೋನಿನಲ್ಲಿ "ತಲೆಗೆ ಐವತ್ತು ಹೆಚ್ಚಾಗ್ತದೆ, ರಶೀದಿ ಎಲ್ಲ ಬೇಡ" ಎಂದಿದ್ದರಂತೆ. ರಶೀದಿ ಬೇಡವೆನ್ನುವ ಕಡೆ ಟಿಕೆಟ್ಟೂ ಬೇಡವೆನ್ನುವುದೇ ಕ್ಷೇಮ. ಅಧಿಕೃತ ಏಜೆಂಟರು ಮುದ್ರಿಸಿಕೊಡುವ ಟಿಕೆಟ್ಟಿನಲ್ಲಿ ದರ ಮತ್ತು ಶುಲ್ಕಗಳು ಬೇರೆ ಬೇರೆಯಾಗಿ ಇರುತ್ತವೆ. ಸ್ವಂತ ಖಾತೆಯಿಂದ ನೆಂಟರಿಗೂ ಗೆಳೆಯರಿಗೂ ಟಿಕೆಟ್ ಮಾಡಿಕೊಡುವುದು ತಪ್ಪಲ್ಲ. ಅದನ್ನೇ ವ್ಯಾಪಾರವಾಗಿಸಿದರೆ 1989ರ ರೈಲ್ವೆ ಕಾಯ್ದೆಯ 143ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಮತ್ತು ಹತ್ತು ಸಾವಿರ ರೂಪಾಯಿಯವರೆಗೆ ದಂಡವಿದೆ, ಅಂಥ ಟಿಕೆಟ್ಟು ರದ್ದಾದರೆ ಪ್ಲಾಟ್‌ಫಾರಂನಲ್ಲಿ ನಿಲ್ಲುವವರು ನೀವು.

ತತ್ಕಾಲ್, ಅಂದರೆ ಹೆಚ್ಚು ಹಣ ಕೊಟ್ಟು ಕೊನೆ ಗಳಿಗೆಯಲ್ಲಿ ಕೊಳ್ಳುವ ಮೀಸಲು ಟಿಕೆಟ್ಟಿನ ವಿಷಯದಲ್ಲಂತೂ ಏಜೆಂಟರನ್ನು ನೆಚ್ಚುವ ಕಾಲ ಮುಗಿದಿದೆ. 2025ರ ಜುಲೈಯಿಂದ ಎಸಿ ತತ್ಕಾಲ್ ತೆರೆಯುವ ಬೆಳಿಗ್ಗೆ 10ರಿಂದ 10.30ರವರೆಗೆ, ನಾನ್ ಎಸಿ ತೆರೆಯುವ 11ರಿಂದ 11.30ರವರೆಗೆ ಏಜೆಂಟರಿಗೆ ಪ್ರವೇಶವಿಲ್ಲ. ಆನ್‌ಲೈನಿನಲ್ಲಿ ತತ್ಕಾಲ್ ಕೊಳ್ಳಲು ಆಧಾರ್ ದೃಢೀಕರಿಸಿದ ಖಾತೆ ಬೇಕು. ಆ ದೃಢೀಕರಣವನ್ನು ಬಿಡುವಿದ್ದಾಗಲೇ ಮಾಡಿಟ್ಟುಕೊಳ್ಳಿ. ದರ ಏರುವ ಮುನ್ನ ಕೊಳ್ಳಬೇಕೋ ಬೇಡವೋ ಎಂದು ತಡಮಾಡಿ ಕೊನೆಗೆ ತತ್ಕಾಲಿಗೆ ಬಂದರೆ, ಸ್ಲೀಪರಿಗೆ ತಲೆಗೆ 100ರಿಂದ 200 ರೂಪಾಯಿ, ತ್ರೀ ಟಯರ್ ಎಸಿಗೆ 300ರಿಂದ 400 ರೂಪಾಯಿ ಹೆಚ್ಚು ಬೀಳುತ್ತದೆ. ಏರಿಕೆಯ ಹತ್ತು ರೂಪಾಯಿಗೆ ಹೆದರುವವರು ಹೆದರಬೇಕಾದದ್ದು ಇದಕ್ಕೆ.

ಟಿಕೆಟ್ ತುಂಡು ಮಾಡಬಹುದೇ?

ಇಂಗ್ಲೆಂಡಿನಲ್ಲಿರುವ ಮಕ್ಕಳು ಅಲ್ಲಿ ಒಂದೇ ಪ್ರಯಾಣವನ್ನು ಎರಡು ಮೂರು ಟಿಕೆಟ್ಟುಗಳಾಗಿ ಒಡೆದರೆ ಅಗ್ಗವಾಗುವುದುಂಟೆಂದು ಹೇಳುತ್ತಾರೆ, ಅಲ್ಲಿಯ ಮಟ್ಟಿಗೆ ಅದು ನಿಜ. ನಮ್ಮಲ್ಲಿ ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವ ಪದ್ಧತಿ ಇರುವುದರಿಂದ ಒಡೆದರೆ ನಷ್ಟ, ಮೀಸಲಾತಿ ಶುಲ್ಕವೂ ಎರಡೆರಡು ಸಲ. ಒಂದೇ ರೈಲಿನಲ್ಲಿ ಸೀಟು ಸಿಗುವ ಕಡೆ ಒಡೆಯಬೇಡಿ.

ಮೈಸೂರು–ಬೆಂಗಳೂರಿನಂಥ ಹತ್ತಿರದ ಪ್ರಯಾಣಕ್ಕೆ ಸೀಟು ಕಾಯ್ದಿರಿಸದ ಟಿಕೆಟ್ಟೇ ಸಾಕೆನ್ನುವವರು ರೈಲ್ವೆಯ ಆ್ಯಪಿನಲ್ಲಿ ಕನ್ವೀನಿಯನ್ಸ್ ಫೀ ಇಲ್ಲದೆ ಕೊಳ್ಳಬಹುದು. ಆದರೆ ಕುಶಾಲನಗರದಲ್ಲಿ ಬಸ್ಸು ಹತ್ತುವಾಗಲೇ ಕೊಳ್ಳಬೇಡಿ. ಟಿಕೆಟ್ ಕೊಂಡ ಮೂರು ಗಂಟೆಯೊಳಗೆ ರೈಲು ಪ್ರಯಾಣ ಶುರುವಾಗಬೇಕೆಂಬ ನಿಯಮವಿದೆ, ನಮ್ಮ ಬಸ್ಸಿಗೆ ಆ ನಿಯಮ ಗೊತ್ತಿಲ್ಲ. ಬಸ್ಸು ಮೈಸೂರಿನ ಹತ್ತಿರ ಬಂದ ಮೇಲೆ ಕೊಂಡರೆ ಸಾಕು.

ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಅದನ್ನು ಕೊಡಿಸುತ್ತೇವೆಂದು ಹೇಳುವ ಮಾರಾಟಗಾರರ ಬಳಿಗೆ ಹೋಗುವುದೇ ಬೇಡ.

ಸುಬೇದಾರರ ಟಿಕೆಟ್ಟನ್ನು ಅಂದು ರಾತ್ರಿ ನಮ್ಮ ಜಗಲಿಯ ಮೂಲೆಯಲ್ಲಿ, ಸಿಗ್ನಲ್ ಸಿಗುವ ಆ ಒಂದೇ ಕಂಬಕ್ಕೆ ಒರಗಿ ನಿಂತು, ಅವರದೇ ಖಾತೆಯಿಂದ ಯುಪಿಐ ಮೂಲಕ ಕೊಂಡೆವು. ಮೂಲ ದರದ ಮೇಲೆ ಸೇರಿದ್ದು 11 ರೂಪಾಯಿ 80 ಪೈಸೆ ಶುಲ್ಕ, ನಾಲ್ಕು ಜನರ ವಿಮೆಗೆ 1 ರೂಪಾಯಿ 80 ಪೈಸೆ, ಒಟ್ಟು 13 ರೂಪಾಯಿ 60 ಪೈಸೆ. ಖಾಸಗಿ ಆ್ಯಪು ಮೊದಲು ತೋರಿಸಿದ್ದ ಮೊತ್ತಕ್ಕೂ ಇದಕ್ಕೂ ಮುನ್ನೂರಕ್ಕಿಂತ ಹೆಚ್ಚಿನ ಅಂತರವಿತ್ತು. ದರ ಏರುವ ಮುನ್ನ ಕೊಂಡದ್ದರಿಂದ ಉಳಿದದ್ದು 40 ರೂಪಾಯಿ. ಅವರು ಎರಡನ್ನೂ ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದುಕೊಂಡು, ನಾಳೆ ಬೆಳಿಗ್ಗೆ ಕಣಕ್ಕೆ ಬೇಗ ಹೋಗಬೇಕೆಂದು ಟಾರ್ಚು ಹಿಡಿದು ಹೊರಟರು.